ಎಡಕ್ಕೆ ವಾಲಿದ ಹೊಲಿಗೆ

ನವೆಂಬರ್ 9, ಬೆಳಿಗ್ಗೆ

ನಲವತ್ತೊಂದು ಕಾರ್ಡ್ ಮುಗಿದವು. ಹದಿನೈದರಲ್ಲಿ ಗಂಟೆಯ ಚಿತ್ರ, ಹದಿನೈದರಲ್ಲಿ ಮೇಣದಬತ್ತಿ, ಹನ್ನೊಂದರಲ್ಲಿ ಕೆಂಪೆದೆಯ ಹಕ್ಕಿ. ತಿಂಗಳ ಕೊನೆಗೆ ನೂರಿಪ್ಪತ್ತು ಕ್ರಿಸ್‌ಮಸ್ ಕಾರ್ಡ್ ಕೊಡಬೇಕು, ಗಿಫ್ಟ್ ಅಂಗಡಿಯಾಕೆಗೆ. ಚಿತ್ರದ ಚಾರ್ಟಿನ ಒಂದು ಚೌಕಕ್ಕೆ ಬಟ್ಟೆಯ ಮೇಲೆ ಒಂದು ಪುಟ್ಟ ಕತ್ತರಿ ಹೊಲಿಗೆ, ಗುಣಾಕಾರದ ಗುರುತಿನ ಹಾಗೆ ಒಂದು ಓರೆ ಎಳೆಯ ಮೇಲೆ ಇನ್ನೊಂದು. ಮುಗಿದ ಮೇಲೆ ಟವೆಲ್ಲಿನ ಮೇಲೆ ಮಗುಚಿ ಹಾಕಿ ಇಸ್ತ್ರಿ. ಆಮೇಲೆ ಕಾರ್ಡಿಗೆ ಅಂಟಿಸುವುದು.

ತಂಗಿ ಬಂದು ಆರು ದಿನ. ದವಡೆಯ ಊತ ಇಳಿದಿದೆ, ನೀಲಿ ಹಳದಿಗೆ ತಿರುಗಿದೆ. ಬಲಗಿವಿಯ ಹಾಲೆ ಸೀಳಿಹೋಗಿದೆ. ಗಂಡ ಓಲೆ ಹಿಡಿದು ಎಳೆದನಂತೆ. ಪಕ್ಕದ ಮನೆಯ ರಿಟೈರ್ಡ್ ನರ್ಸಮ್ಮ ದಿನಾ ಬಂದು ಬ್ಯಾಂಡೇಜ್ ಬದಲಿಸಿ, ನನ್ನ ಜೊತೆ ಹೊಲಿಯಲು ಕೂರುತ್ತಾರೆ.

"ಕನ್ನಡಕದ ಅಂಗಡಿ ಇಟ್ಕೊಂಡೋನು ಅಲ್ವಾ? ಅವನ ಎರಡು ಕಿವೀನೂ ಕಿತ್ತುಬಿಡ್ಬೇಕು. ಕನ್ನಡಕ ಎಲ್ಲಿಗೆ ಸಿಕ್ಕಿಸ್ಕೋತಾನೋ ನೋಡೋಣ" ಎಂದರು ನರ್ಸಮ್ಮ.

ತಂಗಿ ನಕ್ಕಳು. ನಕ್ಕು ದವಡೆ ಹಿಡಿದುಕೊಂಡಳು.

ಎಂಟು ವರ್ಷ ಅವನು ಅಕ್ಕ-ತಂಗಿ ನಮ್ಮಿಬ್ಬರ ಮಾತು ನಿಲ್ಲಿಸಿಟ್ಟಿದ್ದ. ಅದರಿಂದ ಒಂದು ಒಳ್ಳೆಯದಾಯಿತು — ನಾನು ಈ ಊರಿಗೆ ಬಂದದ್ದು ಅವನಿಗೆ ಗೊತ್ತಿಲ್ಲ. ತಂಗಿಗೆ ಮಾತ್ರ ನೆಂಟರೊಬ್ಬರು ಗುಟ್ಟಾಗಿ ಹೇಳಿದ್ದರಂತೆ.

ನವೆಂಬರ್ 12

ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಅಂತ ತಂಗಿಯೂ ಸೂಜಿ ಹಿಡಿದಳು. ಎಡಗೈಯಲ್ಲಿ. ಮನೆಯಲ್ಲಿ ಅವಳ ಹೆಸರೇ ಎಡಚಿ. ನನಗಿಂತ ವೇಗ. ಆದರೆ ಅವಳ ಹೊಲಿಗೆಯಲ್ಲಿ ಮೇಲಿನ ಎಳೆ ಎಡಕ್ಕೆ ವಾಲುತ್ತದೆ. ನಮ್ಮದು ಬಲಕ್ಕೆ. ಎರಡೂ ಸೇರಿದರೆ ಬೆಳಕು ಬೇರೆ ಬೇರೆ ಕಡೆ ಹೊಳೆದು, ಹಕ್ಕಿಗೆ ಚರ್ಮರೋಗ ಬಂದ ಹಾಗೆ ಕಾಣುತ್ತದೆ.

"ಬಿಚ್ಚಿಸಿ ಮತ್ತೆ ಹೊಲಿಸಮ್ಮ" ಎಂದರು ನರ್ಸಮ್ಮ.

"ಬೇಡ. ಇಡೀ ಕಾರ್ಡ್ ಅವಳೊಬ್ಬಳೇ ಮಾಡ್ಲಿ. ಆಗ ಏನೂ ತಿಳಿಯಲ್ಲ."

ಯಾರಿಗೆ ಏನು ತಿಳಿಯುತ್ತದೆ? ನೂರರಲ್ಲಿ ಒಬ್ಬರೂ ನೋಡುವುದಿಲ್ಲ.

ನವೆಂಬರ್ 15, ಮಧ್ಯಾಹ್ನ

ಹೊಲಿಯುತ್ತಲೇ ಹೇಳಿದಳು. ತಲೆ ಎತ್ತಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಅವಳನ್ನು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸುತ್ತಿದ್ದನಂತೆ. ಕಣ್ಣಿಗೆ ಬೇರೆಯವರ ಪವರಿನ ಗಾಜು. ಎದುರಿಗೆ ಅಕ್ಷರಗಳ ಬೋರ್ಡು. ತಪ್ಪು ಓದಿದ ಪ್ರತಿ ಸಾಲಿಗೆ ಒಂದು ಏಟು. ಸರಿಯಾಗಿ ಓದಿದರೆ — ಬಾಯಿಪಾಠ ಮಾಡಿದ್ದೀಯಾ ಅಂತ ಎರಡು.

"ಗಿರಾಕಿಗಳ ಹತ್ರ ಎಷ್ಟು ಮೆತ್ತಗೆ ಮಾತಾಡ್ತಾನೆ ಗೊತ್ತಾ ಅಕ್ಕ? ಗಲ್ಲ ಎತ್ತಿ, ಮೆಲ್ಲಗೆ, 'ಈಗ ಕಾಣುತ್ತಾ' ಅಂತ ಕೇಳ್ತಾನೆ. ನನಗೂ ಹಾಗೇ ಕೇಳ್ತಿದ್ದ."

ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಕತ್ತರಿ ಕೈಯಲ್ಲೇ ಇತ್ತು. ಅವನ ಕಣ್ಣುಗುಡ್ಡೆ ಎಷ್ಟು ಮೆತ್ತಗಿರಬಹುದು ಅಂತ ಯೋಚಿಸಿದೆ. ನಿಧಾನವಾಗಿ, ವಿವರವಾಗಿ. ಸಮಾಧಾನವಾಯಿತು. ಕವಿತೆ ಓದಿದರೆ ಆಗುತ್ತಿದ್ದ ಸಮಾಧಾನದ ಹಾಗೇ ಇತ್ತು, ಭಯ ಹುಟ್ಟಿಸಿದ್ದು ಅದೇ.

ನವೆಂಬರ್ 29

ನೂರಿಪ್ಪತ್ತೂ ಕೊಟ್ಟು ಬಂದೆ. ಮೂವತ್ತನಾಲ್ಕು ತಂಗಿಯವು. ಪ್ರತಿಯೊಂದರ ಹಿಂದೆ ಒಂದು ಚೀಟಿ ಅಂಟಿಸಿದ್ದೇನೆ — 'ಕೈಹೊಲಿಗೆ', ಕೆಳಗೆ ಮನೆಯ ವಿಳಾಸ. ಮುಂದಿನ ವರ್ಷ ಜನ ನೇರವಾಗಿ ಬರಲಿ ಅಂತ. ಐಡಿಯಾ ನನ್ನದೇ. ಸ್ವಲ್ಪ ಜಂಬವೂ ಇತ್ತು.

ಅಂಗಡಿಯಾಕೆಗೆ ಖುಷಿಯೋ ಖುಷಿ. ಅರ್ಧ ಇಲ್ಲಿಗೆ, ಅರ್ಧ ಬ್ರಾಂಚುಗಳಿಗೆ ಎಂದಳು. ಯಾವ ಊರಿನ ಬ್ರಾಂಚು ಅಂತ ಕೇಳಬೇಕಿತ್ತು. ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಬಟ್ಟೆಯ ನಕ್ಷತ್ರಗಳ ಆರ್ಡರ್ ಸಿಕ್ಕ ಸಡಗರದಲ್ಲಿ ಕೇಳಲಿಲ್ಲ.

ಕೇಳಬೇಕಿತ್ತು ಎಂಬ ಸಾಲನ್ನು ಇವತ್ತು ಸೇರಿಸುತ್ತಿದ್ದೇನೆ, ಡಿಸೆಂಬರ್ ಆರಕ್ಕೆ.

ಡಿಸೆಂಬರ್ 6, ಆಸ್ಪತ್ರೆ

ಬರೆದುಬಿಡಬೇಕು.

ನಾಲ್ಕನೇ ತಾರೀಖು, ಮಧ್ಯಾಹ್ನ ಮೂರು. ನಾನು ನಕ್ಷತ್ರಗಳಿಗೆ ಇಸ್ತ್ರಿ ಮಾಡುತ್ತಿದ್ದೆ. ಬೆಲ್ಲು. ನರ್ಸಮ್ಮ ಬಾಗಿಲು ತೆಗೆದರು, ಗಿರಾಕಿ ಅಂದುಕೊಂಡು. ಬಂದವನ ಕೈಯಲ್ಲಿ ನಮ್ಮ ಕಾರ್ಡ್ ಇತ್ತಲ್ಲ, ಒಳಗೆ ಬಿಟ್ಟರು.

"ಚೆನ್ನಾಗಿದ್ದೀರಾ ಅಕ್ಕ?" ಎಂದ ತಂಗಿಯ ಗಂಡ, ನನ್ನ ಕಡೆ ನೋಡಿ. "ನಮ್ಮ ಅಂಗಡಿ ಸಾಲಲ್ಲೇ ಇದನ್ನ ಇಟ್ಟಿದ್ರು. ಹದಿನಾರು ವರ್ಷ ಇವಳು ಹೊಲಿದ ದಿಂಬಿನ ಮೇಲೆ ಮಲಗಿದೀನಿ. ಈ ಕೈ ಯಾರದು ಅಂತ ನನಗೆ ಗೊತ್ತಾಗಲ್ವಾ?"

ಅಡ್ಡ ಹೋದೆ. ನನ್ನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿದ. ತಂಗಿ ರೂಮಿಗೆ ಓಡಿದಳು. ಬಾಗಿಲು ಮುಚ್ಚುವಷ್ಟರಲ್ಲಿ ಹಿಡಿದ. ಅವಳ ಎಡಗೈಯನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲು ಎಳೆದ. ತೆಗೆದ. ಮತ್ತೆ ಎಳೆದ.

"ಈ ಕೈ ತಾನೇ?" ಮೆಲ್ಲಗೆ ಕೇಳಿದ. "ಈ ಕೈ ತಾನೇ?"

ಮೂಳೆಯ ಸದ್ದು ಒಣ ಕಡ್ಡಿಯ ಸದ್ದಲ್ಲ. ಒದ್ದೆ ಸದ್ದು. ನರ್ಸಮ್ಮ ಅವನ ಬೆನ್ನಿಗೆ ಜೋತುಬಿದ್ದರು. ಮೊಣಕೈಯಿಂದ ತಿವಿದ. ಅವರ ಬಾಯಿ ತುಂಬ ರಕ್ತ.

ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು ಹೋಗಿ ಅವನ ಕುತ್ತಿಗೆಗೆ ಒತ್ತಿದೆ.

ಹಿಂಸೆಯ ಬಗ್ಗೆ ಎಷ್ಟು ಕವಿತೆ ಓದಿದ್ದೇನೆ! ಒಂದರಲ್ಲೂ ವಾಸನೆ ಇರಲಿಲ್ಲ.

ಕೂಗಿದ. ಅವಳ ಕೈ ಬಿಟ್ಟ. ಬಿದ್ದ.

ತಂಗಿಯ ಮೂರು ಬೆರಳು ಮುರಿದಿವೆ. ನರ್ಸಮ್ಮನ ಎರಡು ಹಲ್ಲು ಹೋಗಿವೆ. ನನ್ನ ತಲೆಗೆ ಐದು ಹೊಲಿಗೆ. ಅವನು ಇದೇ ಆಸ್ಪತ್ರೆಯ ಕೆಳಗಿನ ವಾರ್ಡಿನಲ್ಲಿ, ಬಾಗಿಲಲ್ಲಿ ಪೊಲೀಸ್.

ಡಿಸೆಂಬರ್ 9

ಇನ್‌ಸ್ಪೆಕ್ಟರ್ ಮನೆಗೆ ಬಂದಿದ್ದರು. ನಮ್ಮ ದೂರು ಇದೆ, ಅವನದೂ ಒಂದಿದೆ. ಅವಳ ಕೈ ಬಿಟ್ಟ ಮೇಲೂ, ನೆಲಕ್ಕೆ ಬಿದ್ದ ಮೇಲೂ ನಾನು ಸುಟ್ಟೆ ಎನ್ನುತ್ತಾನಂತೆ.

"ಎಷ್ಟು ಹೊತ್ತು ಒತ್ತಿದ್ರಿ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ನರ್ಸಮ್ಮ, ಹಲ್ಲಿಲ್ಲದ ಸಂದಿಯಿಂದ: "ಎಷ್ಟು ಹೊತ್ತು ಏನ್ರೀ! ತಾಗಿಸಿದಳು, ತೆಗೆದಳು. ನಾನು ಅಲ್ಲೇ ಇದ್ದೆನಲ್ಲ."

ನರ್ಸಮ್ಮ ಆಗ ನೆಲದ ಮೇಲೆ ಮುಖ ಮುಚ್ಚಿಕೊಂಡು ಬಿದ್ದಿದ್ದರು. ತಂಗಿಗೆ ಎಚ್ಚರವಿರಲಿಲ್ಲ. ನಾನು "ಹೌದು" ಎಂದೆ.

ಡಿಸೆಂಬರ್ 13, ಸಂಜೆ

ಅವನ ಅಣ್ಣ ಬಂದಿದ್ದ. ತಮ್ಮನಿಗೆ ಜಾಮೀನು ಸಿಕ್ಕಿದೆಯಂತೆ. ಸೋಫಾದ ಅಂಚಿಗೆ ಕೂತು, ಟೀ ಬೇಡ ಎಂದು, ಮಾತು ಇಟ್ಟ. ತಂಗಿ ದೂರು ಬಿಟ್ಟು ವಾಪಸ್ ಮನೆಗೆ ಬಂದರೆ ಅವನೂ ನನ್ನ ಮೇಲಿನ ದೂರು ಬಿಡುತ್ತಾನೆ. ಇಲ್ಲದಿದ್ದರೆ ನನಗೆ ಜೈಲು ಗ್ಯಾರಂಟಿ.

"ಓದಿದೋರು ನೀವು. ಯೋಚನೆ ಮಾಡಿ. ಮಂಗಳವಾರ ಕಾರ್ ಕಳಿಸ್ತೀನಿ."

"ಖಾಲಿ ಕಾರ್ ಓಡಿಸೋಕೆ ಪೆಟ್ರೋಲ್ ದಂಡ" ಎಂದೆ.

ಡಿಸೆಂಬರ್ 15, ಬೆಳಿಗ್ಗೆ 11

ತಂಗಿ ಬಟ್ಟೆ ಮಡಚುತ್ತಿದ್ದಾಳೆ. ಒಂದೇ ಕೈಯಲ್ಲಿ, ಗಲ್ಲದಿಂದ ಒತ್ತಿ ಹಿಡಿದು.

"ಏನೇ ಇದು?"

"ನಾಳೆ ಹೋಗ್ತೀನಿ. ನಿನಗೆ ಜೈಲಾದ್ರೆ ನಾನು ಬದುಕಿ ಏನ್ ಮಾಡ್ಲಿ?"

"ಹೋದ್ರೆ ಬದುಕ್ತೀಯಾ?"

"ನನಗೆ ಅಭ್ಯಾಸ ಇದೆ ಅಕ್ಕ. ನಿನಗೆ ಇಲ್ಲ." ಇನ್ನೊಂದು ಬಟ್ಟೆ ಎತ್ತಿಕೊಂಡು, "ಅವನು ಸುಳ್ಳು ತಾನೇ ಹೇಳ್ತಿರೋದು?"

ಅವಳ ಕೈಯಿಂದ ಬಟ್ಟೆ ಕಿತ್ತು ಮಂಚದ ಮೇಲೆ ಎಸೆದೆ. ಬೆಚ್ಚಿ ಮುಖಕ್ಕೆ ಕೈ ಅಡ್ಡ ಹಿಡಿದಳು. ನನಗೆ ಹೆದರಿ. ನನ್ನ ಕೈಗೆ ಹೆದರಿ.

ಮಧ್ಯಾಹ್ನ 2

ಈಗ ಎಲ್ಲ ಸ್ಪಷ್ಟವಾಗಿದೆ. ಅವನು ಮಾರುತ್ತಿರುವುದು ನನಗೂ ಅವನಿಗೂ ಮಾತ್ರ ಗೊತ್ತಿರುವ ಒಂದು ನಿಜ. ಅದನ್ನು ನಾನೇ ಹೋಗಿ ಹೇಳಿಬಿಟ್ಟರೆ ಅವನ ಹತ್ತಿರ ಮಾರಲು ಏನೂ ಉಳಿಯುವುದಿಲ್ಲ. ಅವಳಿಗೆ ಹೋಗಲು ಕಾರಣ ಉಳಿಯುವುದಿಲ್ಲ. ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೆ. ನಾಲ್ಕಕ್ಕೆ ಬನ್ನಿ, ಬರೆದುಕೊಂಡೇ ಬನ್ನಿ ಎಂದರು. ನರ್ಸಮ್ಮನಿಗೂ ಹೇಳಿದೆ. ಬೈದರು, ಅತ್ತರು, ಜೊತೆಗೆ ಬರುತ್ತೇನೆ ಎಂದು ಚಪ್ಪಲಿ ಹುಡುಕಲು ಹೋದರು.

ಇಲ್ಲಿ ಮೊದಲು ಬರೆದು ನೋಡುತ್ತೇನೆ. ಆಮೇಲೆ ಹಾಳೆಗೆ.

ನಾನು ಅವನ ಕುತ್ತಿಗೆಗೆ ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಅವನು ನನ್ನ ತಂಗಿಯ ಕೈ ಬಿಟ್ಟ. ಬಿದ್ದ. ನಾನೂ ಮಂಡಿಯೂರಿದೆ. 'ಅಕ್ಕ, ಸಾಕು' ಎಂದ. ನನಗೆ ಕೇಳಿಸಿತು. ಕೇಳಿಸಿದ ಮೇಲೂ ನಾನು ಎರಡೂ ಕೈಯಿಂದ ಒತ್ತಿ ಹಿಡಿದೆ.