ಕೈಚೀಲದ ಪಿಸ್ತೂಲು

ಮಾನ್ಯ ಶೆರಿಫ್ ಅವರಿಗೆ,

ಕೆಂಟಕಿ ಬಿಡುವಾಗ, ಕೈಚೀಲದಲ್ಲಿ ಪಿಸ್ತೂಲು ಇಟ್ಟುಕೊಳ್ಳುವ ಪರವಾನಗಿಯನ್ನು ಪ್ರಾಮಾಣಿಕಳಾಗಿ ಅಲ್ಲಿಯ ಕಚೇರಿಗೆ ಒಪ್ಪಿಸಿ ಬಂದೆ. ಇಲ್ಲಿಯದನ್ನು ಕೇಳಲು ನಿಮ್ಮ ಕಚೇರಿಗೆ ಬಂದಾಗ ನಿಮ್ಮ ಗುಮಾಸ್ತೆ ನಕ್ಕಳು: "ಅಯ್ಯೋ ಅಮ್ಮಾ, ಹೊಸದು ಸಿಗೋಕ್ ಮುಂಚೆ ಹಳೇದನ್ನ ಯಾರಾದ್ರೂ ಕೊಟ್ಬಿಡ್ತಾರಾ? ಹೋಗಿ, ಇಲ್ಲೇ ವಾಸ ಅನ್ನೋದಕ್ಕೆ ನಿಮ್ಮ ಹೆಸರಿನ ಬಾಡಿಗೆ ಪತ್ರ ತನ್ನಿ."

ಮೂರು ಸಲ ಬಂದೆ, ಮೂರು ಸಲವೂ ಅದೇ ಮಾತು. ನನ್ನ ಮನೆಯ ಬಾಡಿಗೆ ಪತ್ರ ಇಲ್ಲಿಯ ನಮ್ಮ ಚರ್ಚಿನ ಪಾದ್ರಿಯವರ ಹೆಸರಲ್ಲಿದೆ. ನನ್ನ ಗಂಡ ಡೆಲ್ಬರ್ಟನಿಗೆ ವಿಳಾಸ ಸಿಗಬಾರದೆಂದೇ ಹಾಗೆ ಮಾಡಿದ್ದು. "ಎಲ್ಲಿಗ್ ಓಡಿದ್ರೂ ಚರ್ಚಿಗಂತೂ ಹೋಗ್ತೀಯಲ್ಲ, ಅಲ್ಲೇ ಹಿಡೀತೀನಿ" ಎಂದಿದ್ದಾನೆ.

ನಾನು ಆ ಮನೆಯಲ್ಲೇ ಇದ್ದೇನೆಂದು ಪಾದ್ರಿಯವರು ಬರೆದ ಪತ್ರ ಲಗತ್ತಿಸಿದ್ದೇನೆ, ಅದನ್ನೇ ಒಪ್ಪಿಕೊಳ್ಳಿ. ಪರವಾನಗಿ ಸಿಗುವವರೆಗೆ ಪಿಸ್ತೂಲು ಬೀಗದೊಳಗಿರುತ್ತದೆ; ಕೈಚೀಲದಲ್ಲಿ ಬೈಬಲ್ ಮಾತ್ರ. ಭಾನುವಾರದ ಪ್ರಾರ್ಥನೆಯನ್ನು ನಾನು ತಪ್ಪಿಸುವುದಿಲ್ಲ. ಚರ್ಚಿನ ಬಾಗಿಲಲ್ಲಿ ಒಬ್ಬ ಪೊಲೀಸನನ್ನಾದರೂ ನಿಲ್ಲಿಸಿ.

ಗುರುತಿಗೆ: ಡೆಲ್ಬರ್ಟ್ ಎಡಗಾಲಲ್ಲಿ ಕುಂಟುತ್ತಾನೆ.

ದೇವರನ್ನೂ ನಿಮ್ಮನ್ನೂ ನಂಬಿರುವ,
ಲರ್ಲೀನ್ ಟ್ಯಾಕೆಟ್