ಆಗಸ್ಟ್ ಬಾಟಲಿಗೆ ಮೇ ತಿಂಗಳ ಮಣ್ಣು

ನಾಶಿಕ
೧೫ ಡಿಸೆಂಬರ್ ೨೦೨೫

ಪ್ರೀತಿಯ ಅಕ್ಕಾ,

ಹೇಗಿದ್ದೀ? ಸಂಭಾಜಿನಗರದಲ್ಲೂ ಚಳಿ ಶುರುವಾಗಿರಬೇಕು. ಹಾಸ್ಟೆಲಿನ ತಣ್ಣೀರಿನಲ್ಲಿ ತಲೆ ತೋಯಿಸಿಕೊಂಡು ಕೆಮ್ಮು ತಂದುಕೊಳ್ಳಬೇಡ ಎಂದು ಅಮ್ಮ ಹೇಳಿದ್ದಾಳೆ. ಅಪ್ಪನ ಮಂಡಿನೋವು ಹಾಗೆಯೇ ಇದೆ. ಆದರೂ ಹೋಟೆಲಿನ ಗಲ್ಲಾ ಬಿಟ್ಟು ಏಳುವುದಿಲ್ಲ. ಫ್ರೀಜರಿನಲ್ಲಿ ನಿನ್ನ ಸಂಶೋಧನೆಯ ಕೆಸರಿನ ಬಾಟಲಿ ಕಂಡಾಗಲೆಲ್ಲ, "ಗಿರಾಕಿ ನೋಡಿದ್ರೆ ಇದ್ಯಾವ ಚಟ್ನಿ ಅಂತ ಕೇಳ್ತಾರೆ ಮಾರಾಯಾ" ಎನ್ನುತ್ತಾನೆ.

ಆ ಬಾಟಲಿಯ ವಿಷಯ ಹೇಳಬೇಕು. ಫೋನಿನಲ್ಲಿ ಮೂರು ಸಲ ಬಾಯಿವರೆಗೆ ಬಂದು ನಿಂತಿತು. ಆಗಸ್ಟಿನಲ್ಲಿ ನೀನು ಹೇಳಿದಂತೆ ನಾಂದೂರ್ ಮಧ್ಯಮೇಶ್ವರದ ಜೌಗಿಗೆ ಹೋದೆ. ಮೇ ತಿಂಗಳಲ್ಲಿ ನಾವಿಬ್ಬರೂ ಗುರುತು ಹಾಕಿದ್ದ ಐದು ಜೊಂಡಿನ ಬುಡಗಳೂ ಮುಳುಗಿದ್ದವು. ದೋಣಿಯ ಮಹಿಬೂಬಭಾಯಿ, "ಪಾನಿ ಉತರ್‌ನೇ ದೇ ಬೇಟಾ, ಅಗಲೇ ಹಫ್ತೇ ಆ" ಎಂದ. ನೀರಿಳಿಯಲಿ ಎಂದು ಮುಂದಿನ ವಾರದವರೆಗೆ ಕಾಯುವ ತಾಳ್ಮೆ ನನಗೆ ಎಲ್ಲಿದೆ? ಎದೆಮಟ್ಟದ ನೀರಿಗಿಳಿದು ಬೇರು ಕಿತ್ತೆ. ಬೇರಿಗೆ ಅಂಟಿದ ಮಣ್ಣೇ ಬೇಕು ಎಂದಿದ್ದೆಯಲ್ಲ, ಮೇಲೆ ಎತ್ತುವಷ್ಟರಲ್ಲಿ ಅದು ಮುಕ್ಕಾಲು ಪಾಲು ತೊಳೆದುಹೋಗಿತ್ತು. ಒಂದೊಂದು ಬಾಟಲಿಗೆ ಬೆರಳಗಲ ಮಣ್ಣೂ ಸಿಗಲಿಲ್ಲ.

ಮನೆಗೆ ಬಂದಾಗ ಅಪ್ಪ ಇಡ್ಲಿಹಿಟ್ಟು ಕಲಸುತ್ತಿದ್ದ. "ಹಳೇದು ಒಂದು ಸೌಟು ಹಾಕು, ಇಲ್ಲದಿದ್ರೆ ಹೊಸತು ಉಬ್ಬುದಿಲ್ಲ" ಎಂದು ಚಿಕ್ಕಂದಿನಿಂದ ಕೇಳಿದ ಮಾತೇ ಕಿವಿಗೆ ಬಿತ್ತು. ಫ್ರೀಜರಿನಲ್ಲಿ ನೀನು ಮುಟ್ಟಬೇಡ ಎಂದಿದ್ದ ಮೇ ತಿಂಗಳ ಮಣ್ಣಿತ್ತು. ಅದೇ ಗಿಡ, ಅದೇ ಜಾಗ, ಏನಾದೀತು ಎಂದುಕೊಂಡು ಐದೂ ಬಾಟಲಿಗಳಿಗೆ ಅದನ್ನೇ ತುಂಬಿಸಿ ನಿನ್ನೂರಿನ ಬಸ್ಸಿಗೆ ಹಾಕಿದೆ.

ಹೋದ ವಾರ ನೀನು ಕುಣಿಯುತ್ತ ಫೋನ್ ಮಾಡಿದೆ. "ಮಳೆಗಾಲ ಬಂದ್ರೂ ಬೇಸಿಗೆಯ ಬ್ಯಾಕ್ಟೀರಿಯಾ ಬೇರನ್ನು ಬಿಟ್ಟು ಹೋಗ್ಲೇ ಇಲ್ಲ ಮಾರಾಯಾ! ನಮ್ಮ ಗೈಡ್ ಇಂಥದ್ದು ನೋಡೇ ಇಲ್ವಂತೆ. ಜನವರಿಯಲ್ಲಿ ಎಲ್ಲರ ಎದುರು ನಾನೇ ಮಾತಾಡ್ಬೇಕಂತೆ" ಎಂದೆ. ಅವನ್ನು ಅಲ್ಲಿ ತಂದಿಟ್ಟವನು ನಾನು, ಅಕ್ಕಾ. "ಬೇರೆ ಮಣ್ಣು ಸೇರಿಲ್ಲ ಅಲ್ವಾ?" ಎಂದು ನೀನು ಕೇಳಿದಾಗ ಇಲ್ಲ ಎಂದುಬಿಟ್ಟೆ. ಹನ್ನೆರಡನೇ ತರಗತಿಯ ಪರೀಕ್ಷೆಯಲ್ಲಿ ನಕಲು ಮಾಡಿದ್ದೇನೆಂದು ತಾನೇ ಎದ್ದು ಹೇಳಿ ಶಾಲೆ ಬಿಟ್ಟವನಿಗೆ ಒಬ್ಬಳೇ ಅಕ್ಕನ ಮುಂದೆ ನಿಜ ಹೇಳಲಾಗಲಿಲ್ಲ. ಕೊರಿಯರ್, ಮೊಬೈಲ್ ಅಂಗಡಿ, ದ್ರಾಕ್ಷಿ ಪ್ಯಾಕಿಂಗ್ ಎಲ್ಲವನ್ನೂ ಅರ್ಧಕ್ಕೆ ಬಿಟ್ಟೆ. ನಿನ್ನ ಈ ಕೆಲಸ ಒಂದನ್ನು ಬಿಡಲಿಲ್ಲ, ಅದನ್ನೇ ಕೆಡಿಸಿದೆ. ಒಂದು ವಾರ ಕಾದಿದ್ದರೆ ನೀರು ಇಳಿಯುತ್ತಿತ್ತು. ಈಗ ಮುಂದಿನ ಮಳೆಗಾಲದವರೆಗೆ ನೀನು ಕಾಯಬೇಕು.

ಅಮ್ಮನ ಆಶೀರ್ವಾದವೂ ಅಪ್ಪನ ನೆನಪೂ ಈ ಕಾಗದದ ಜೊತೆಗಿವೆ. ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ ತಮ್ಮ,
ರಾಕೇಶ

ತಾ.ಕ.: ನೀನು ಇದನ್ನು ಹರಿದುಹಾಕಿ, ನನ್ನನ್ನು ಉಳಿಸಲು ತಪ್ಪನ್ನೆಲ್ಲ ಅಲ್ಲಿ ನಿನ್ನ ಮೇಲೆ ಹಾಕಿಕೊಂಡುಬಿಡುತ್ತೀ ಎಂದು ನನಗೆ ಗೊತ್ತು. ಅದಕ್ಕೇ ನಡೆದದ್ದನ್ನೆಲ್ಲ ಮರಾಠಿಯಲ್ಲಿ ಬರೆದು, ನನ್ನ ಹೆಸರು ಹಾಕಿ, ನಿನ್ನ ಗೈಡ್‌ಗೂ ಒಂದು ಕವರ್ ಹಾಕಿದ್ದೇನೆ. ನಿನ್ನನ್ನು ಕೇಳಲಿಲ್ಲ. ಎರಡೂ ಒಂದೇ ಕೊರಿಯರಿನಲ್ಲಿ ಬರುತ್ತಿವೆ. ಇದನ್ನು ಓದಿದ ತಕ್ಷಣ, ಅವರು ಕರೆಯುವ ಮೊದಲೇ, ನೀನೇ ಹೋಗಿ ಹೇಳು.