ಬೈತಖೋಲದಲ್ಲಿ ರೊಟ್ಟಿಯ ಸಪ್ಪಳ

ಕಾರವಾರ
೨೨–೩–೧೯೮೮

ಮಾತೋಶ್ರೀ ಅವ್ವನಿಗೆ,

ನಿನ್ನ ಹಿರಿಮಗಳು ಚೌಡವ್ವ ಕಾಲಿಗೆ ಬಿದ್ದು ತಿಳಿಸುವುದು. ‘ಇತ್ತ ಎಲ್ಲರೂ ಕ್ಷೇಮ’ ಎಂಬ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಕ್ಷೇಮ ಇಲ್ಲ.

ಬ್ಯಾಡಗಿಯಿಂದ ನಿನ್ನ ಕಾಗದ ಬಂತು. ಆ ಹೆಂಗಸು ತಾನೇ ಈಳಿಗೆಯ ಮೇಲೆ ಬಿದ್ದಳು ಎಂದು ಫೌಜದಾರನ ಮುಂದೆ ಹೇಳಿ ಲಕ್ಕಪ್ಪಣ್ಣನನ್ನು ಬಿಡಿಸು ಎಂದು ಬರೆದಿದ್ದೀ. ಕಣ್ಣಾರೆ ಕಂಡವಳು ನಾನು, ನನ್ನ ಮಾತಿನ ಮೇಲೇ ಎಲ್ಲ ನಿಂತಿದೆ, ನಿಜ. ಆದರೆ ನೀನು ಕೇಳಿರುವುದು ಊರವರು ಹೇಳಿದ್ದನ್ನು. ನಾನು ಕಂಡದ್ದನ್ನೂ ಕೇಳು.

ಅಣ್ಣ, ಮರಿಯವ್ವ ವೈನಿ ಸಮುದ್ರ ನೋಡಲು ಬಂದೆವೆಂದು ಬಸ್ಸಿಳಿದಾಗ ನಾನು ಹುಚ್ಚಿಯಂತೆ ಹಿಗ್ಗಿದೆ. ತವರಿನಿಂದ ಇಷ್ಟು ವರ್ಷದಲ್ಲಿ ಯಾರು ಬಂದಿದ್ದರು ಹೇಳು? ನಿನ್ನ ಅಳಿಯಂದಿರು ರಜೆ ಹಾಕಿದರು. ಮರುದಿನ ಬಿಸಿಲು ನೆತ್ತಿ ಸುಡುತ್ತಿದ್ದರೂ ಕಾಳಿ ನದಿಯ ಸೇತುವೆ ತೋರಿಸಿದೆವು, ಎಳನೀರು ಕುಡಿಸಿದೆವು. ವೈನಿ ಮೊಣಕಾಲವರೆಗೆ ಸೀರೆ ಎತ್ತಿ ತೆರೆಯಲ್ಲಿ ನಿಂತು ಸಣ್ಣ ಹುಡುಗಿಯ ಹಾಗೆ ಕೂಗಿದಳು. ಅಣ್ಣ ಮಾತ್ರ ಸಮುದ್ರಕ್ಕೆ ಬೆನ್ನು ಮಾಡಿ ಕೂತಿದ್ದ. ದಂಡೆಯ ಮೇಲೆ ಹೋಗುವ ಒಬ್ಬೊಬ್ಬ ಹೆಣ್ಣುಮಗಳ ಮುಖವನ್ನೂ ನೋಡುತ್ತಿದ್ದ. ಆಗ ನನಗೆ ತಿಳಿಯಿತು, ಇವನು ನೋಡಲು ಬಂದದ್ದು ನೀರನ್ನಲ್ಲ, ಗುತ್ತೆವ್ವನನ್ನು.

ನಮ್ಮ ತಂಗಿ, ಮನೆಯ ಕಿರಿಯವಳು, ಮೆಣಸಿನಕಾಯಿ ಪೇಟೆಯ ಹಮಾಲ ಮೈಲಾರೆಪ್ಪನನ್ನು ಕಟ್ಟಿಕೊಂಡು ಓಡಿಹೋದಳು. ಜಾತಿ ಬೇರೆ. ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಯಾರೋ ಕಂಡರಂತೆ. ‘ನಿನಗ ಗೊತ್ತಿದ್ದರ ಹೇಳು, ಚೌಡಿ. ಒಂದ ಕೆಲಸ ಮುಗಿಸಿ ಹೋಗತೇನಿ’ ಎಂದ ಅಣ್ಣ. ಎಂಥ ಕೆಲಸ ಎಂದು ಕೇಳಲಿಲ್ಲ. ಗೊತ್ತಿಲ್ಲ ಎಂದೆ. ಊರೆಲ್ಲ ಸುತ್ತಿಸಿ ದಣಿಸಿ ವಾಪಸು ಕಳಿಸಿದರಾಯಿತು ಎಂದುಕೊಂಡೆ. ನನ್ನ ಶಾಣ್ಯಾತನಕ್ಕೆ ಬೆಂಕಿ ಬೀಳಲಿ.

ಮೂರನೆಯ ದಿನ ಬೈತಖೋಲ ಬಂದರಕ್ಕೆ ಹೋದೆವು. ಮಧ್ಯಾಹ್ನ ಬಂದರದಲ್ಲೇ ಉಣ್ಣೋಣ ಎಂದು ಅಣ್ಣ ಊರಿಂದ ತಂದ ಬುತ್ತಿಯ ಗಂಟನ್ನು ತಾನೇ ಹೆಗಲಿಗೆ ಹಾಕಿಕೊಂಡಿದ್ದ. ಮೀನು ಒಣಗಿಸುವ ಓಣಿ ದಾಟುವಾಗ ಒಂದು ಮನೆಯೊಳಗಿಂದ ಸಪ್ಪಳ ಬಂತು. ಇದು ಅನ್ನದ ಊರು, ಅವ್ವಾ. ಇಲ್ಲಿ ಯಾರೂ ಜೋಳದ ರೊಟ್ಟಿ ಬಡಿಯುವುದಿಲ್ಲ. ಆ ಸಪ್ಪಳ ನಮ್ಮ ಕಡೆಯ ಹೆಂಗಸಿನದೇ ಎಂದು ಕುರುಡನಿಗೂ ತಿಳಿಯುತ್ತಿತ್ತು.

ಅಣ್ಣ ನಿಂತ. ‘ಇಲ್ಲೇ ಅದಾಳ’ ಎಂದ. ಗಂಟು ಬಿಚ್ಚಿದ. ರೊಟ್ಟಿಯ ಅಡಿಯಲ್ಲಿ ಕುಡಗೋಲು ಇತ್ತು.

ಬಾಗಿಲನ್ನು ಒದ್ದು ಮುರಿದ. ಒಳಗೆ ಬರೀ ಹೊಗೆ. ಒಲೆಯ ಮುಂದಿನಿಂದ ಏಳುತ್ತಿದ್ದ ಹೆಂಗಸಿನ ತುರುಬು ಹಿಡಿದು ಹಿಂದಕ್ಕೆಳೆದ. ತಲೆ ನೆಲಕ್ಕೆ ಬಡಿಯಿತು, ಕಾದ ರೊಟ್ಟಿಯ ಹಂಚು ಅವಳ ಕಾಲ ಮೇಲೆ ಬಿತ್ತು. ಅವಳು ಚೀರಿದಳು. ಅವನು ಎದೆಗೆ ಒದ್ದ. ಕುಡಗೋಲು ಎತ್ತಿದಾಗ ನಾನು ಅಡ್ಡ ಬಿದ್ದೆ. ಅರ್ಧ ಏಟು ನನಗೆ, ಅರ್ಧ ಅವಳ ಹೆಗಲಿಗೆ. ನನ್ನದು ದೊಡ್ಡದಲ್ಲ ಬಿಡು. ಅವಳ ಹೆಗಲಿನ ಎಲುಬು ಕಾಣುತ್ತಿತ್ತು. ನಾದಿದ ಹಿಟ್ಟೆಲ್ಲ ಕೆಂಪಾಯಿತು. ಅವನು ಇನ್ನೊಮ್ಮೆ ಎತ್ತಿದಾಗ ವೈನಿ ಬಾಗಿಲಲ್ಲೇ ನಿಂತು ಅರಚಿದಳು: ‘ಅಯ್ಯ ನಿಂದರ್ರಿ, ಇಕಿ ನಮ್ಮಾಕಿ ಅಲ್ಲರೀ!’

ಅಣ್ಣ ಬಗ್ಗಿ ಮುಖ ನೋಡಿದ. ಏನೆಂದ ಗೊತ್ತೇ? ‘ಮತ್ತ ರೊಟ್ಟಿ ಯಾಕ ಬಡಿಯಾಕತ್ತಿದ್ಲು?’

ಅವನನ್ನು ಆ ಓಣಿಯ ಮೀನುಗಾರರು ಹಗ್ಗದಿಂದ ಕಟ್ಟಿ ಹೊಡೆದರು, ದೋಣಿಯ ಹುಟ್ಟಿನಿಂದ, ಕಲ್ಲಿನಿಂದ. ಬಿಡಿಸಬೇಕೆನಿಸಲಿಲ್ಲ. ಒಡಹುಟ್ಟಿದವನು ಎಂದು ಒಂದು ಹನಿ ಕಣ್ಣೀರೂ ಬರಲಿಲ್ಲ.

ಅವಳು ಗುತ್ತಲದ ಮುಮ್ತಾಜಬಿ. ಗಂಡ ಅಲ್ಲಾವುದ್ದೀನ ಲಾರಿ ಓಡಿಸುತ್ತಾನೆ, ಇಲ್ಲಿಗೆ ಬಂದು ತಿಂಗಳೂ ಆಗಿಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ನನಗೆ ಹೇಳಿದಳು: ‘ಯಕ್ಕಾ, ಹೊರಗ ನಮ್ಮ ಕಡೆ ಮಾತು ಕೇಳಿಸ್ತು. ನಮ್ಮೂರ ಮಂದಿ ಬಂದಾರ, ಉಣ್ಣಾಕ ಕರೀಬೇಕಂತ ಏಳಾಕತ್ತಿದ್ದೆ.’ ಅವಳ ಮುಂದೆ ಕೂತು ನಾನು ಈಳಿಗೆಯ ಕಥೆ ಕಟ್ಟಲೇ?

ಹೆತ್ತವರಿಗೆ ಹೆಗ್ಗಣ ಮುದ್ದು. ಒಪ್ಪುತ್ತೇನೆ, ನಿನಗಿರುವುದು ಒಬ್ಬನೇ ಮಗ. ಆದರೆ ಬುತ್ತಿಯ ಗಂಟು ಕಟ್ಟಿದ್ದು ನಿನ್ನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ. ಅದರಲ್ಲಿ ಕುಡಗೋಲು ಇತ್ತೆಂದು ನಿನಗೆ ಗೊತ್ತಿರಲಿಲ್ಲವೇ? ಇರಲಿಲ್ಲ ಎಂದು ಒಂದು ಸಾಲು ಬರೆ, ನಂಬುತ್ತೇನೆ. ನಿನ್ನ ಕಾಗದದಲ್ಲಿ ಹುಡುಕಿದೆ, ಆ ಸಾಲು ಇಲ್ಲ.

ಫೌಜದಾರನ ಮುಂದೆ ಕಂಡದ್ದನ್ನೇ ಹೇಳಿದ್ದೇನೆ, ಕೋರ್ಟಿನಲ್ಲೂ ಅದನ್ನೇ ಹೇಳುತ್ತೇನೆ. ಅವನು ಹೊರಗೆ ಬಂದರೆ ಮುಂದಿನ ಸಲ ಸರಿಯಾದ ಮುಖ ನೋಡಿಯೇ ಕಡಿಯುತ್ತಾನೆ. ಗುತ್ತೆವ್ವ ಎಲ್ಲಿದ್ದಾಳೆ ಎಂದು ಕೇಳಿದ್ದೀ. ಅದನ್ನು ಹೇಳುವುದಿಲ್ಲ. ತವರಿನ ಬಾಗಿಲು ಮುಚ್ಚಿದರೆ ಮುಚ್ಚಲಿ.

ಇಂತಿ ನಿನ್ನ ಹೊಟ್ಟೆಯಲ್ಲೇ ಹುಟ್ಟಿದ
ಚೌಡವ್ವ

ತಾ.ಕ.: ಏಟು ಬಿದ್ದದ್ದು ನನ್ನ ಬಲಗೈಗೆ. ಎರಡು ಬೆರಳು ಮಡಚುವುದಿಲ್ಲ, ಪೆನ್ನು ಹಿಡಿಯಲಾಗುವುದಿಲ್ಲ. ನಾನು ಹೇಳುತ್ತ ಹೋದೆ, ಇದನ್ನೆಲ್ಲ ಬರೆದವಳು ಗುತ್ತೆವ್ವ. ಸೀರೆಯ ತುಂಡಿನ ಮಾತು ಬರೆಯಲು ಒಲ್ಲೆನೆಂದಳು, ಗದರಿಸಿ ಬರೆಸಿದೆ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಅವಳು ಈ ಊರಲ್ಲಿರುವುದಿಲ್ಲ. ‘ಯಕ್ಕಾ, ನಾ ಆರಾಮ ಅದೇನಿ ಅಂತ ಅವ್ವಗ ಒಂದ ಸಾಲ ನಂದೂ ಹಾಕಲೇನ?’ ಎಂದು ಕೇಳುತ್ತಿದ್ದಾಳೆ. ಬೇಡ ಎಂದಿದ್ದೇನೆ.